ಡ್ರೈವರ್ ಬಿಟ್ಟು ಹದಿನಾಲ್ಕು ಮಂದಿ

ಬೀದರ ಜಿಲ್ಲೆಯ ಚಿಂತಾಕಿಯಿಂದ ಧರ್ಮಸ್ಥಳಕ್ಕೆ ಹೊರಡುವುದೆಂದರೆ ಕರ್ನಾಟಕವನ್ನು ನೆತ್ತಿಯಿಂದ ಅಂಗಾಲಿನ ತನಕ ಅಳೆಯುವ ಕೆಲಸ. ಬೀದರದಿಂದ ಹೈದರಾಬಾದ್ 140 ಕಿಲೋಮೀಟರಿನ ಆಸುಪಾಸು. ಬೆಂಗಳೂರು 700ರ ಹತ್ತಿರ. ಮಹಾರಾಷ್ಟ್ರಕ್ಕೂ ತೆಲಂಗಾಣಕ್ಕೂ ಗಡಿ ಹಚ್ಚಿಕೊಂಡಿರುವ ಔರಾದ ತಾಲೂಕಿನವರಿಗೆ ಪರರಾಜ್ಯ ಮುಂಜಾನೆ ಹೋಗಿ ಸಂಜೆಗೆ ಮನೆ ಸೇರುವ ದೂರ. ಸ್ವಂತ ರಾಜ್ಯ ನೋಡಬೇಕಾದರೆ ಮಾತ್ರ ನಡುವೆ ಎಲ್ಲಾದರೂ ಮಲಗಿ ಏಳಬೇಕು. ನಮ್ಮ ಜಿಲ್ಲೆಗೆ ‘ಕರ್ನಾಟಕದ ಕಿರೀಟ’ ಎಂಬ ಬಿರುದು ಕೊಟ್ಟವರು ಈ ಖರ್ಚಿನ ಬಗ್ಗೆ ಏನೂ ಹೇಳಿಲ್ಲ.

ಸೋಯಾ ರಾಶಿಯಾಗಿ, ಅಡತಿಯಿಂದ ರೊಕ್ಕ ಕೈಗೆ ಬಂದು, ಮಕ್ಕಳಿಗೆ ದೀಪಾವಳಿ ರಜೆ ಬಿದ್ದ ಮೇಲೆ ಮನೆತನದ ಮೀಟಿಂಗ್ ಕೂಡುತ್ತದೆ. ಯಾವ ದೇವರು ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಹರಕೆ ಹೋದ ವರ್ಷದಿಂದ ಬಾಕಿ ಇದೆ. ಯಾವ ಗಾಡಿ ಎಂಬುದೂ ಏಳುವುದಿಲ್ಲ. ಈ ಸೀಮೆಯಲ್ಲಿ ದೇವರಿಗೆ ಹೋಗುವುದು ಕ್ರೂಸರಿನಲ್ಲಿ. ಡ್ರೈವರ್ ಬಿಟ್ಟು 12 ಮಂದಿ ಕೂಡಲಿ ಎಂದು ಕಂಪನಿಯವರು ಅದನ್ನು ಮಾಡಿದ್ದಾರೆ. ಮನೆತನ ಹದಿನಾಲ್ಕು ಮಂದಿಯದು, ಸಣ್ಣವರಿಬ್ಬರು ತೊಡೆಯ ಮೇಲೆ. ತಕರಾರೆಲ್ಲ ಒಂದಕ್ಕೇ: ರಾತ್ರಿ ಎಲ್ಲಿ ಉಳಿಯೋದು?

ಮುತ್ಯಾನಿಗೆ ಮೊಣಕಾಲು ನೋವು, ಆದ್ದರಿಂದ ಕೆಳಗಿನ ಮಹಡಿಯ ಖೋಲಿಯೇ ಆಗಬೇಕು. ಆದರೆ ಕುಕ್ಕರುಗಾಲಿನ ಸಂಡಾಸವೇ ಬೇಕು, ಕುರ್ಚಿಯಂಥದ್ದರ ಮೇಲೆ ಕೂತರೆ ಅವರಿಗೆ ಆಗುವುದಿಲ್ಲ. ಆಯಿಗೆ ಲಾಡ್ಜಿನ ನೀರು ಬೇಡ, ಲಾಡ್ಜಿನ ಚಾದರ ಬೇಡ, ಲಾಡ್ಜಿನ ಅನ್ನವಂತೂ ಬೇಡವೇ ಬೇಡ. ಎರಡು ಕೌದಿ, ಒಂದು ಕೊಡ, ಗಂಟಿನಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡ ಆಕೆ ಲಾಡ್ಜಿನಿಂದ ಬಯಸುವುದು ನಾಲ್ಕು ಗೋಡೆ ಮಾತ್ರ. ಅದಕ್ಕೂ ಇಷ್ಟು ರೊಕ್ಕ ಯಾಕೆ ಎಂಬುದು ಆಕೆಯ ವಾದ, ಮತ್ತು ಅದಕ್ಕೆ ಇದುವರೆಗೆ ಯಾರೂ ಉತ್ತರ ಕೊಟ್ಟಿಲ್ಲ. ದೊಡ್ಡ ಕಾಕಾಗೆ ಪಾರ್ಕಿಂಗ್ ಬೇಕು. ನಡುವಿನ ಕಾಕಾಗೆ ‘ಕೆಳಗ ಊಟದ ವ್ಯವಸ್ಥಾ’ ಇರಬೇಕು. ಇದರ ಒಳಾರ್ಥಕ್ಕೆ ಮುಂದೆ ಬರುತ್ತೇನೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಅಣ್ಣನ ಮಗನಿಗೆ ವೈಫೈ ಬೇಕು, ನಾಲ್ಕಕ್ಕೆ ಕಡಿಮೆಯಿಲ್ಲದ ನಕ್ಷತ್ರ ಬೇಕು. ಸೊಸೆಯಂದಿರಿಗೆ ಒಳಗಿನಿಂದ ಸರಿಯಾಗಿ ಬೀಳುವ ಚಿಲಕ ಮತ್ತು ಬಚ್ಚಲದ ಕಿಟಕಿಗೆ ಪೂರ್ತಿ ಗಾಜು. ಇಡೀ ಪಟ್ಟಿಯಲ್ಲಿ ನ್ಯಾಯವಾದ ಬೇಡಿಕೆ ಇದೊಂದೇ. ಆದರೆ ಅದು ಮೀಟಿಂಗಿನಲ್ಲಿ ಚರ್ಚೆಗೇ ಬರುವುದಿಲ್ಲ, ಏಕೆಂದರೆ ಆ ಹೊತ್ತಿಗೆ ಸೊಸೆಯಂದಿರು ಒಳಗೆ ಚಹಾ ಸೋಸುತ್ತಿರುತ್ತಾರೆ.

ಹಿಂದೆ ಈ ಗೋಜಲು ಇರಲಿಲ್ಲ. ಹುಮನಾಬಾದದಲ್ಲಿ ಅತ್ತಿ, ಕಲಬುರಗಿಯಲ್ಲಿ ಸೋದರಮಾವ, ಸಿಂದಗಿಯಲ್ಲಿ ಹೆಣ್ಣು ಕೊಟ್ಟ ಬೀಗರು. ಈಗಿನ 50ನೇ ನಂಬರಿನ ಹೆದ್ದಾರಿ ನಾಂದೇಡದ ಕಡೆಯಿಂದ ಇಳಿದು ಬೀದರ, ಹುಮನಾಬಾದ, ಕಲಬುರಗಿ, ಸಿಂದಗಿ, ವಿಜಯಪುರ, ಹೊಸಪೇಟೆ ಹಾದು ಚಿತ್ರದುರ್ಗ ಸೇರುವುದನ್ನು ನೋಡಿದರೆ, ಎಂಜಿನಿಯರುಗಳು ನಮ್ಮ ಬೀಗರ ಪಟ್ಟಿ ಮುಂದಿಟ್ಟುಕೊಂಡೇ ಗೆರೆ ಎಳೆದರೇನೋ ಎನಿಸುತ್ತದೆ. ರಾತ್ರಿ ಹತ್ತಕ್ಕೆ ಇಷ್ಟು ಮಂದಿ ಇಳಿದರೂ ಬೀಗರ ಮನೆಯಲ್ಲಿ ಒಲೆ ಹೊತ್ತುತ್ತಿತ್ತು. ಹೊತ್ತಿಸಲು ಎದ್ದವರು ಯಾರು, ಅವರು ಮತ್ತೆ ಮಲಗಿದ್ದು ಎಷ್ಟು ಗಂಟೆಗೆ ಎಂದು ಕೇಳುವ ಪದ್ಧತಿ ಇರಲಿಲ್ಲ. ಅದನ್ನೇ ನಾವು ಆತಿಥ್ಯ ಎಂದು ಕರೆದು ಭಾಷಣದಲ್ಲಿ ಹೇಳಿಕೊಳ್ಳುತ್ತಿದ್ದೆವು. ಆಮೇಲೆ ಆ ಮನೆಗಳ ಸೊಸೆಯಂದಿರು ನೌಕರಿಗೆ ಹೋದರು, ವಾಡೆ ಹೋಗಿ ಎರಡು ಖೋಲಿಯ ಮನೆ ಬಂತು, ಕೈಗೆ ಫೋನ್ ಬಂತು. ಈಗ ಬೀಗರು ಫೋನಿನಲ್ಲಿ ಹೇಳುವುದು, “ಬರ್ರಿ ಬರ್ರಿ, ನಿಮ್ದೇ ಮನಿ ಅದ. ಊಟ ಮಾಡ್ಕೊಂಡೇ ಬರ್ತೀರಲ್ಲಾ?” ತಿಳಿದವರಿಗೆ ಇಷ್ಟು ಸಾಕು.

ಬೀಗರ ಮನೆ ತಪ್ಪಿದರೂ ಬೀಗತನದ ಬುದ್ಧಿ ತಪ್ಪಲಿಲ್ಲ. ಲಾಡ್ಜಿನ ಹೆಸರು ಕಿವಿಗೆ ಬಿದ್ದ ಕೂಡಲೇ ಮುತ್ಯಾ ಕೇಳುವುದು, “ಮಾಲಕ ಯಾರ ಪೈಕಿ?” ಖೋಲಿ ಬಾಡಿಗೆ ಹಿಡಿಯಲು ಹೊರಟವರು ಹೆಣ್ಣು ತರಲು ಹೊರಟವರ ಹಾಗೆ ವಿಚಾರಿಸುತ್ತಾರೆ. ಬಸವಕಲ್ಯಾಣ ನಮ್ಮದೇ ಜಿಲ್ಲೆ. ಹನ್ನೆರಡನೇ ಶತಮಾನದಲ್ಲಿ ಶರಣರು ಯಾವ ಪ್ರಶ್ನೆಯನ್ನು ಕೇಳಬೇಡಿರೆಂದು ಅಲ್ಲಿ ಬಡಿದುಕೊಂಡರೋ, ಆ ಪ್ರಶ್ನೆಯನ್ನೇ ನಾವು ಲಾಡ್ಜಿನ ಕೌಂಟರಿಗೆ ಮೊಣಕೈ ಊರಿ ಕೇಳುತ್ತೇವೆ, ಅದೂ ಕೂಡಲಸಂಗಮಕ್ಕೆ ಕೈ ಮುಗಿಯಲು ಹೋಗುವ ದಾರಿಯಲ್ಲಿ. ಶ್ರೀಶೈಲಕ್ಕೆ ಹೋದರೆ ಈ ಕಷ್ಟವಿಲ್ಲ. ಅಲ್ಲಿ ಸಮುದಾಯಕ್ಕೊಂದು ಛತ್ರ. ಬೋರ್ಡ್ ಓದಿ ಒಳಗೆ ಹೋದರಾಯಿತು. ಮಲ್ಲಯ್ಯನೊಬ್ಬ ತಾನು ಯಾವ ಛತ್ರಕ್ಕೆ ಸೇರಿದವನೆಂದು ತಿಳಿಯದೆ ಗುಡಿಯಲ್ಲೇ ಉಳಿದುಕೊಂಡಿದ್ದಾನೆ. ಹಾಗೆ ನೋಡಿದರೆ ಬೀದರದ ನಾನಕ ಝೀರಾ ಗುರುದ್ವಾರದ ಲಂಗರಿನಲ್ಲಿ ಯಾರನ್ನೂ ಏನೂ ಕೇಳದೆ ಸಾಲಿನಲ್ಲಿ ಕೂಡಿಸಿ ಊಟ ಬಡಿಸುತ್ತಾರೆ. ನಮ್ಮವರೂ ಹೋಗಿ ಉಣ್ಣುತ್ತಾರೆ, ಮೆಚ್ಚುತ್ತಾರೆ, ಫೋಟೋ ಹಾಕುತ್ತಾರೆ. ಬೀದರ ದಾಟಿದ ಮೇಲೆ ಮತ್ತೆ ಅದೇ ಪ್ರಶ್ನೆ.

ಅಣ್ಣನ ಮಗ ಈ ಯಾವುದಕ್ಕೂ ಬಗ್ಗುವವನಲ್ಲ. ಅವನು ನಂಬುವುದು ನಕ್ಷತ್ರವನ್ನು. ಈ ದೇಶದಲ್ಲಿ ಹೋಟೆಲಿನ ನಕ್ಷತ್ರ ಎರಡು ಬಗೆಯವು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸಮಿತಿ ಬಂದು ಪರೀಕ್ಷೆ ಮಾಡಿ ಕೊಡುವಂಥದು ಒಂದು. ಯಾವನೋ ಒಬ್ಬ ಬಸ್ಸಿಗೆ ಕಾಯುತ್ತ ಬೇಸರ ಕಳೆಯಲು ಒತ್ತುವಂಥದು ಇನ್ನೊಂದು. ನಮ್ಮ ಹುಡುಗನ ಫೋನಿನಲ್ಲಿ ಇರುವುದು ಎರಡನೆಯದು. ಇಂಥ ಅಭಿಪ್ರಾಯಗಳು ಸಾಚಾ ಇರಲಿ ಎಂದು 2022ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಐಎಸ್ 19000 ಎಂಬ ಮಾನದಂಡವನ್ನೇ ಹೊರತಂದಿತು. ಚಿನ್ನಕ್ಕೆ, ಸಿಮೆಂಟಿಗೆ, ಕುಕ್ಕರಿಗೆ ಗುರುತು ಹಾಕುವ ಬಿಐಎಸ್ ಸಂಸ್ಥೆಗೆ ಜನರ ಮಾತಿನ ಕಲಬೆರಕೆ ಹಿಡಿಯುವ ಕೆಲಸವೂ ಬಂತು. ಅಷ್ಟಾದರೂ ಫೋನಿನ ಚಿತ್ರದಲ್ಲಿ ಕಬಡ್ಡಿ ಅಂಗಳದಷ್ಟು ಕಾಣುವ ಖೋಲಿ, ಒಳಗೆ ಹೋದಾಗ ಮಂಚ ಮತ್ತು ಗೋಡೆಯ ನಡುವೆ ಅಡ್ಡಡ್ಡ ಸರಿಯಬೇಕಾದಷ್ಟು ಇರುತ್ತದೆ. ಕನ್ನಡಿಯಲ್ಲಿ ಫೋಟೋ ತೆಗೆದವನ ಮೊಣಕೈ ಕಂಡರೆ ಆ ಚಿತ್ರ ನಂಬಬಹುದು ಎಂದು ಒಬ್ಬ ಅನುಭವಿ ಹೇಳಿದ. ನನಗೆ ಐಎಸ್ 19000ಕ್ಕಿಂತ ಆ ಮಾನದಂಡವೇ ಮೇಲೆನಿಸಿತು.

ಈಗ ನಡುವಿನ ಕಾಕಾನ ‘ಊಟದ ವ್ಯವಸ್ಥಾ’. ಹೆದ್ದಾರಿಯುದ್ದಕ್ಕೂ ‘ಬಾರ್ ಆಂಡ್ ರೆಸ್ಟೋರೆಂಟ್, ಬೋರ್ಡಿಂಗ್ ಆಂಡ್ ಲಾಡ್ಜಿಂಗ್’ ಎಂಬ ಬೋರ್ಡು ನೋಡಿದವರು, ಲಾಡ್ಜಿಗೆ ಬಂದವರ ಅನುಕೂಲಕ್ಕೆ ಕೆಳಗೊಂದು ಬಾರ್ ಇಟ್ಟಿದ್ದಾರೆ ಎಂದುಕೊಳ್ಳುತ್ತಾರೆ. ಪಾಪ, ಅದು ಉಲ್ಟಾ. ಕರ್ನಾಟಕದಲ್ಲಿ ಸಿಎಲ್–9 ಎಂಬ ಬಾರ್ ಲೈಸೆನ್ಸನ್ನು ಹೊಸದಾಗಿ ಕೊಡುವುದು ದಶಕಗಳ ಕಾಲ ನಿಂತಿತ್ತು. ಆದರೆ ಹೋಟೆಲ್ ಮತ್ತು ವಸತಿಗೃಹಗಳಿಗೆಂದು ಇರುವ ಸಿಎಲ್–7ರ ಬಾಗಿಲು ತೆರೆದೇ ಇತ್ತು. ಅದಕ್ಕೆ ಇಂತಿಷ್ಟು ಖೋಲಿ ತೋರಿಸಬೇಕು. ಹೀಗಾಗಿ ನಮ್ಮ ಎಷ್ಟೋ ಲಾಡ್ಜುಗಳಲ್ಲಿ ಖೋಲಿ ಕಟ್ಟಿದ್ದು ಮಲಗುವವರಿಗಾಗಿ ಅಲ್ಲ, ಅಬಕಾರಿ ಇಲಾಖೆಯವರು ಬಂದು ಎಣಿಸಲಿ ಎಂದು. ಎಣಿಸಲು ಕಟ್ಟಿದ ಖೋಲಿಯಲ್ಲಿ ಕಿಟಕಿ ಯಾಕೆ ಬೇಕು? ಬಿಸಿನೀರು ಯಾಕೆ? ಚಿಲಕವಾದರೂ ಯಾಕೆ? ಅಂಥ ಖೋಲಿಗೆ ಹೋಗಿ ಮಲಗುವ ಮನೆತನವೇ ಅಲ್ಲಿ ಅನಪೇಕ್ಷಿತ. ಕೌಂಟರಿನ ಹುಡುಗ ನಮ್ಮನ್ನು ನೋಡುವ ರೀತಿಯಲ್ಲಿ ಇದು ತಿಳಿಯುತ್ತದೆ. ಆಯಿ ಬೋರ್ಡಿನ ಮೊದಲ ಶಬ್ದ ಓದಿಸಿ ಕೇಳಿ, ಸೆರಗಿನಿಂದ ಮೂಗು ಮುಚ್ಚಿಕೊಂಡು “ಮುಂದ ನಡಿರಿ” ಅನ್ನುತ್ತಾಳೆ. ನಡುವಿನ ಕಾಕಾ ಅದೇ ಶಬ್ದ ಓದಿ, “ಮುಂದ ಇನ್ನ ಯಾವ ಲಾಡ್ಜೂ ಇಲ್ಲವ್ವ, ನಾ ವಿಚಾರ ಮಾಡೀನಿ” ಅನ್ನುತ್ತಾನೆ. ಮೂಢನಂಬಿಕೆ ಇಲ್ಲದ ಈ ಕಾಕಾ ಪ್ರತಿಸಲ ದೇವರ ದರ್ಶನಕ್ಕೆ ಉತ್ಸಾಹದಿಂದ ಹೊರಡುವುದೇಕೆ ಎಂದು ಮನೆಯಲ್ಲಿ ಈವರೆಗೆ ಯಾರೂ ಶೋಧಿಸಿಲ್ಲ.

ಸರ್ಕಾರದ್ದೇ ಹೋಟೆಲುಗಳಿಲ್ಲವೇ ಎಂದು ಕೇಳಬಹುದು. ಇವೆ. ಪ್ರವಾಸೋದ್ಯಮ ನಿಗಮ ಬೀದರದ ಹೋಟೆಲಿಗೆ ಮಯೂರ ಬರೀದ್ ಶಾಹಿ ಎಂದು ಹೆಸರಿಟ್ಟಿತು, ಕಲಬುರಗಿಯದಕ್ಕೆ ಮಯೂರ ಬಹಮನಿ, ವಿಜಯಪುರದ್ದಕ್ಕೆ ಆದಿಲ್ ಶಾಹಿ, ಬಾದಾಮಿಗೆ ಚಾಲುಕ್ಯ, ಹಂಪಿಯ ಕಮಲಾಪುರಕ್ಕೆ ಭುವನೇಶ್ವರಿ, ಮೈಸೂರಿಗೆ ಹೊಯ್ಸಳ. ಹಳೆಯ ಕಾಲದಲ್ಲಿ ಒಬ್ಬರ ಕೋಟೆಗೊಬ್ಬರು ಬೆಂಕಿ ಇಟ್ಟವರೆಲ್ಲ ಈಗ ಒಂದೇ ನಿಗಮದ ಅಡಿಯಲ್ಲಿ ಒಂದೇ ಬಗೆಯ ಸೋಪು ಹಂಚುತ್ತಿದ್ದಾರೆ. ಶಾಲೆಯಲ್ಲಿ ಇತಿಹಾಸ ತಲೆಗೆ ಹತ್ತದ ಮಕ್ಕಳನ್ನು ಒಂದೊಂದು ರಾತ್ರಿ ಒಂದೊಂದು ರಾಜವಂಶದಲ್ಲಿ ಮಲಗಿಸಿಕೊಂಡು ಬಂದರೆ ಪರೀಕ್ಷೆಗೆ ಅನುಕೂಲ. ಆದರೆ ರಜೆಯ ದಿನಗಳಲ್ಲಿ ಅಲ್ಲಿ ಮುಂಗಡ ಕಾದಿರಿಸಬೇಕು. ಕಾದಿರಿಸಬೇಕೆಂದರೆ ಮೊದಲೇ ಒಮ್ಮತಕ್ಕೆ ಬರಬೇಕು. ಹಾಗೆ ಬರುವ ಮನೆತನವಾಗಿದ್ದರೆ ಹೊಲ ಯಾಕೆ ಪಾಲಾಗುತ್ತಿತ್ತು?

ಆದ್ದರಿಂದ ಮುಂಜಾನೆ ಐದಕ್ಕೆ ಹೊರಡುತ್ತೇವೆಂದು ಹೇಳಿ ಹತ್ತಕ್ಕೆ ಹೊರಟ ಕ್ರೂಸರ್, ದಾರಿಯಲ್ಲಿ ಶರಣಬಸವೇಶ್ವರರಿಗೆ ಕಾಯಿ ಒಡೆಸಿ, ಎರಡು ಕಡೆ ಬುತ್ತಿ ಬಿಚ್ಚಿ, ಮೂರು ಕಡೆ ವಾಂತಿಗೆ ನಿಂತು ವಿಜಯಪುರ ಮುಟ್ಟುವಾಗ ರಾತ್ರಿ ಒಂಬತ್ತು ದಾಟಿರುತ್ತದೆ. ಗೋಳಗುಮ್ಮಟ ಕತ್ತಲಲ್ಲಿ ಮುಗಿದು ಹೋಯಿತು. ಈಗ ಲಾಡ್ಜ್ ಹುಡುಕುವ ಕೆಲಸ.

ದೊಡ್ಡ ಕಾಕಾ ಖೋಲಿ ನೋಡುವುದನ್ನು ನೋಡಬೇಕು. ದೇವಣಿ ಎತ್ತಿನ ಬಾಯಿ ಬಿಡಿಸಿ ಹಲ್ಲೆಣಿಸುವವನ ಗತ್ತು. ನಳ ತಿರುವುತ್ತಾನೆ, ಫ್ಯಾನ್ ಐದಕ್ಕಿಟ್ಟು ನಿಲ್ಲುತ್ತಾನೆ, ಗಾದಿ ಗುದ್ದುತ್ತಾನೆ, ತಲೆದಿಂಬು ಮೂಸಿ ಮುಖ ಕಿವಿಚುತ್ತಾನೆ. ಎಲ್ಲ ಸರಿ ಇದ್ದರೆ ಅನುಮಾನ ಇನ್ನೂ ಜಾಸ್ತಿ, “ಇಷ್ಟ ಛಲೋ ಇದ್ದು ಖಾಲಿ ಯಾಕ ಅದ?” ಎಂದು ಕೆಳಗಿಳಿಯುತ್ತಾನೆ. ಹೀಗೆ ನಾಲ್ಕಾರು ಲಾಡ್ಜ್ ಹತ್ತಿ ಇಳಿದು, ಹತ್ತೂವರೆಗೆ ಮೊದಲು ಬೇಡವೆಂದ ಲಾಡ್ಜಿಗೇ ವಾಪಸು ಬರುತ್ತೇವೆ. ಅಷ್ಟೊತ್ತಿಗೆ ಅಲ್ಲಿ ರೇಟು ಏರಿರುತ್ತದೆ. ಬ್ರಿಟಿಷರು 1867ರಲ್ಲಿ ತಂದ ಸರಾಯಿ, ಅಂದರೆ ಛತ್ರಗಳ, ಕಾಯ್ದೆಯಲ್ಲಿಯೇ ದರಪಟ್ಟಿಯನ್ನು ಜನರಿಗೆ ಕಾಣುವ ಹಾಗೆ ಹಚ್ಚಬೇಕು ಎಂದಿತ್ತು. ನಮ್ಮಲ್ಲಿ ಪಟ್ಟಿ ಇದೆ, ಕಾಣುವ ಹಾಗೂ ಇದೆ. ಅದರ ಮುಂದೆ ಕೂತವನು ಮಾತ್ರ ಪಟ್ಟಿ ನೋಡದೆ ನಮ್ಮ ಗಾಡಿಯ ನಂಬರ್ ಪ್ಲೇಟು ನೋಡಿ ರೇಟು ಹೇಳುತ್ತಾನೆ. ಕೆಎ–38 ಎಂದರೆ ಬೀದರ. ಈ ಹೊತ್ತಿನಲ್ಲಿ ಇವರು ಬೀದರಕ್ಕೆ ತಿರುಗಿ ಹೋಗುವುದಿಲ್ಲ ಎಂಬುದು ಅವನಿಗೆ ಗೊತ್ತು.

“ಎಷ್ಟ ಮಂದಿ ಅದೀರಿ?”

“ಆರ ಮಂದಿ,” ಎನ್ನುತ್ತಾನೆ ಕಾಕಾ, ಕಣ್ಣು ಪಿಳುಕಿಸದೆ. ಉಳಿದ ಎಂಟು ಮಂದಿ ಎದುರಿನ ಕಿರಾಣಿ ಅಂಗಡಿಯ ಮುಂದೆ ತಮಗೂ ಇವರಿಗೂ ಸಂಬಂಧವೇ ಇಲ್ಲದವರ ಹಾಗೆ ನಿಂತಿದ್ದಾರೆ. ಆರು ಮಂದಿ ಎರಡು ಖೋಲಿ ಹಿಡಿದ ಮೇಲೆ ಒಬ್ಬೊಬ್ಬರೇ ‘ತಮ್ಮನ್ನ ನೋಡಲಿಕ್ಕೆ’ ಬಂದು, ಬಂದವರು ಹೋಗದೆ, ಕೌದಿ ಹಾಸಿಕೊಂಡು ಮಲಗುತ್ತಾರೆ. ಕೌಂಟರಿನವನಿಗೆ ಇದು ಗೊತ್ತಿಲ್ಲವೆಂದಲ್ಲ. ಅವನು ಬಿಸಿನೀರನ್ನು ಮುಂಜಾನೆ ಆರರಿಂದ ಏಳರವರೆಗೆ ಮಾತ್ರ ಬಿಟ್ಟು ಲೆಕ್ಕ ಸರಿದೂಗಿಸಿಕೊಳ್ಳುತ್ತಾನೆ. ಎಸಿ ಖೋಲಿಗೆ ಒಂದು ರೇಟು, ನಾನ್ ಎಸಿಗೆ ಒಂದು ರೇಟು. ಖೋಲಿ ಒಂದೇ, ಗೋಡೆಯ ಮೇಲಿನ ಯಂತ್ರವೂ ಒಂದೇ. ಐದುನೂರು ರೂಪಾಯಿ ಹೆಚ್ಚು ಕೊಟ್ಟರೆ ರಿಮೋಟ್ ಕೊಡುತ್ತಾನೆ. ಅಣ್ಣನ ಮಗ ತನ್ನ ಫೋನನ್ನೇ ರಿಮೋಟ್ ಮಾಡಿ ಯಂತ್ರ ಚಾಲೂ ಮಾಡಿದಾಗ ಮನೆತನಕ್ಕೆ ಅವನ ಬಿ.ಇ. ಫೀಸು ವಸೂಲಾದ ಭಾವ.

ಆಮೇಲೆ ಆಧಾರ್. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ ಒಂದು ಪ್ರಕಟಣೆ ಹೊರಡಿಸಿ, ಲೈಸೆನ್ಸ್ ಇಲ್ಲದ ಖಾಸಗಿಯವರು, ಅಂದರೆ ಹೋಟೆಲು, ಸಿನಿಮಾ ಮಂದಿರದವರು, ಆಧಾರ್ ಪ್ರತಿ ಕೇಳಿ ಇಟ್ಟುಕೊಳ್ಳುವಂತಿಲ್ಲ ಎಂದಿತು. ಎರಡು ದಿನ ಬಿಟ್ಟು, ಜನ ತಪ್ಪು ತಿಳಿದಾರು ಎಂದು ಆ ಪ್ರಕಟಣೆಯನ್ನೇ ಹಿಂದಕ್ಕೆ ಪಡೆಯಿತು. ಆ ಎರಡು ದಿನ ನಾವು ಪ್ರವಾಸ ಹೋಗಿರಲಿಲ್ಲ. ಈಗ ಕೌಂಟರಿನವನು ಮುತ್ಯಾನ ಕಾರ್ಡನ್ನು ತನ್ನ ಸ್ವಂತ ಫೋನಿನಲ್ಲಿ ಹೊಡೆದುಕೊಂಡು, “ಆತು ಹೋಗ್ರಿ” ಅನ್ನುತ್ತಾನೆ. ಆ ಫೋನಿನಲ್ಲಿ ಅರ್ಧ ಕಲ್ಯಾಣ ಕರ್ನಾಟಕದ ಮುತ್ಯಾಗಳಿದ್ದಾರೆ.

ತೆರಿಗೆಯ ವಿಷಯದಲ್ಲಿ ಕಾಕಾ ಪಂಡಿತ. ಸಾವಿರದೊಳಗಿನ ಖೋಲಿಗೆ 2022ರ ಜುಲೈವರೆಗೆ ಜಿಎಸ್‌ಟಿ ಇರಲಿಲ್ಲ, ಆಮೇಲೆ ಶೇಕಡಾ 12 ಬಂತು, 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ಖೋಲಿಗೆ 5 ಆಯಿತು ಎಂದೆಲ್ಲ ವಿವರಿಸಿ, ಕಡೆಗೆ “ಬಿಲ್ ಬ್ಯಾಡ, ರೇಟ್ ಕಮ್ಮಿ ಮಾಡು” ಅನ್ನುತ್ತಾನೆ. ದಿಲ್ಲಿಯಲ್ಲಿ ಮಂಡಳಿ ಕೂತು ಇಳಿಸಿದ್ದನ್ನು ಇವನು ನಿಂತಲ್ಲೇ ಸೊನ್ನೆಗೆ ಇಳಿಸಿದ. ಅಣ್ಣನ ಮಗ ತೋರಿಸಿದ 7,500ರ ಹೋಟೆಲನ್ನು ಕಾಕಾ ಸೋಯಾ ಲೆಕ್ಕದಲ್ಲಿ ತಳ್ಳಿಹಾಕಿದ್ದ: 2025–26ಕ್ಕೆ ಬೆಂಬಲ ಬೆಲೆ ಕ್ವಿಂಟಲಿಗೆ 5,328, ಅಡತಿಯವನು ಆ ಬೆಲೆ ಕೊಟ್ಟರೂ ಒಂದು ರಾತ್ರಿ ಕಣ್ಣು ಮುಚ್ಚಲು ಒಂದು ಕ್ವಿಂಟಲ್ ನಲವತ್ತು ಕಿಲೋ. “ಅಷ್ಟ ಕೊಟ್ಟರ ನಿದ್ದಿ ಹತ್ತತದೇನು?” ಈ ಮಾತಿಗೆ ಮಾತ್ರ ನಾನು ತಲೆಬಾಗುತ್ತೇನೆ.

ಇಷ್ಟು ಹೊತ್ತು ನಿದ್ದೆಯ ಬಗ್ಗೆಯೇ ಮಾತಾಡಿದೆವು. ಗಾದಿ ಮೆತ್ತಗಿರಬೇಕೇ ಗಟ್ಟಿ ಇರಬೇಕೇ, ಫ್ಯಾನ್ ಸದ್ದು ಮಾಡುತ್ತದೆಯೇ, ರಸ್ತೆಯ ಕಡೆ ಖೋಲಿ ಬೇಡ, ಕನ್ನಡಿ ಮಂಚದ ಎದುರು ಬೇಡ. ಆ ದಿನವಿಡೀ ಹಿಂದೆ ಕೂತು ಮಲಗಿಕೊಂಡೇ ಬಂದ ಹದಿನಾಲ್ಕು ಮಂದಿಯ ನಿದ್ದೆಯ ವಿಷಯ ಇದು. ಎಚ್ಚರ ಇದ್ದವನು ಒಬ್ಬ.

“ತಮ್ಮಾ, ನೀ ಎಲ್ಲಿ ಮಕ್ಕೊತಿ?” ಎಂದು ಕೇಳುವುದು ಆಯಿ ಒಬ್ಬಳೇ, ಅದೂ ಮೆಟ್ಟಿಲು ಹತ್ತಿ ಅರ್ಧಕ್ಕೆ ಹೋದ ಮೇಲೆ.

“ಗಾಡ್ಯಾಗೇ ಮಕ್ಕೊತೀನ್ ಆಯಿ. ಗಾಡಿ ಕಾಯ್ದಂಗೂ ಆತು.”

“ಹುಷಾರ್ ಹುಡುಗ ಅದಾನ,” ಎಂದು ಕಾಕಾ ಮೆಚ್ಚಿ ಒಂದು ಸೊಳ್ಳೆಬತ್ತಿಯ ರೊಕ್ಕ ಕೊಡುತ್ತಾನೆ. ಊಟದ ಭತ್ಯೆಯಲ್ಲಿ ಆಮೇಲೆ ಅದನ್ನು ಮುರಿದುಕೊಳ್ಳುತ್ತಾನೆ.

1470ರ ಸುಮಾರಿಗೆ ರಷ್ಯದ ತ್ವೇರ್ ಊರಿನ ವ್ಯಾಪಾರಿ ಅಫನಾಸಿ ನಿಕಿಟಿನ್ ಒಂದು ಕುದುರೆ ಹಿಡಿದುಕೊಂಡು ಬೀದರಕ್ಕೆ ಬಂದಿದ್ದ. ಈ ದೇಶದಲ್ಲಿ ಪರಸ್ಥಳದ ವ್ಯಾಪಾರಿಗಳು ಛತ್ರಗಳಲ್ಲಿ ಇಳಿಯುತ್ತಾರೆ, ಅಲ್ಲಿಯ ಒಡತಿ ಅಡುಗೆ ಮಾಡಿ ಹಾಸಿಗೆ ಹಾಸಿಕೊಡುತ್ತಾಳೆ ಎಂದು ಬರೆದಿಟ್ಟ. ಅದರ ಮುಂದಿನ ವಾಕ್ಯ ಮನೆಮಂದಿ ಓದುವ ಪತ್ರಿಕೆಗೆ ಬೇಡ. ಬೀದರ ತಲುಪುವ ತನಕ ಅವನ ಚಿಂತೆಯೆಲ್ಲ ಆ ಕುದುರೆಯದು, ಕಡೆಗೆ ಅದನ್ನು ಮಾರಿದ್ದು ಇಲ್ಲಿಯೇ. ಹಳೆಯ ಸರಾಯಿಗಳ ನಕ್ಷೆ ನೋಡಿ: ನಡುವೆ ಅಂಗಳ, ಸುತ್ತ ಖೋಲಿ, ಕುದುರೆ ಒಂಟೆ ಕಟ್ಟಲು ಜಾಗ, ಮೇವು, ನೀರು. ಹೊತ್ತುಕೊಂಡು ಹೋಗುವ ಜೀವ ರಾತ್ರಿ ದಣಿವಾರಿಸಿಕೊಳ್ಳದಿದ್ದರೆ ನಾಳೆ ದಾರಿಯಲ್ಲಿ ಮುಗ್ಗರಿಸುತ್ತದೆ ಎಂಬ ಸ್ವಾರ್ಥದ ಬುದ್ಧಿಯಾದರೂ ಆಗಿನವರಿಗಿತ್ತು. ನಾವು ಕ್ರೂಸರಿಗೆ ಪಾರ್ಕಿಂಗ್ ಕೇಳಿದೆವು, ಡೀಸೆಲ್ ಹಾಕಿಸಿದೆವು, ಗಾಳಿ ಚೆಕ್ ಮಾಡಿಸಿದೆವು.

ಕಾನೂನು ಸುಮ್ಮನಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎಂದು ಬರೆದಿಟ್ಟಿತ್ತು. ಆದರೆ ಅದು ಐದು ಮತ್ತು ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ. ನಮ್ಮೂರ ಕ್ರೂಸರಿನ ಸಂಸ್ಥೆಯಲ್ಲಿ ಇರುವುದು ಒಬ್ಬನೇ ಕಾರ್ಮಿಕ, ಅವನೇ ಮಾಲಕ, ಸಾಲಗಾರನೂ ಅವನೇ. ತಮಿಳುನಾಡು 2023ರಲ್ಲಿ ಕಟ್ಟಡ ನಿಯಮ ತಿದ್ದಿ, ಹೋಟೆಲು ಲಾಡ್ಜಿನವರು ಅತಿಥಿಗಳ ಡ್ರೈವರಿಗೆ ಮಲಗುವ ಜಾಗ, ಸಂಡಾಸ, ಬಚ್ಚಲು ಕೊಡಬೇಕು ಎಂದಿತು. ಇದನ್ನು ಅಣ್ಣನ ಮಗ ಗಾಡಿಯಲ್ಲಿ ಓದಿ ಹೇಳಿದಾಗ ಕಾಕಾ ಗಂಭೀರನಾಗಿ, “ಹಂಗಂದ್ರ ಖೋಲಿ ರೇಟ್ ಏರಸ್ತಾರ ಮಕ್ಕಳು,” ಅಂದ.

ಮರುದಿನ ಮುಂಜಾನೆ ಹದಿನಾಲ್ಕು ಮಂದಿ ತಣ್ಣೀರು ಬಿಸಿನೀರಿನ ಜಗಳ ಮುಗಿಸಿ ಗಾಡಿ ಹತ್ತಿದರು. ಡ್ರೈವರ್ ಪೆಟ್ರೋಲ್ ಪಂಪಿನ ನಳದಲ್ಲಿ ಮುಖ ತೊಳೆದು ಬಂದಿದ್ದ. ಆಲಮಟ್ಟಿಯ ದಾರಿ ಹಿಡಿಯುವ ಹೊತ್ತಿಗೆ ಅಣ್ಣನ ಮಗನ ಫೋನು ಕಿಣಿಕಿಣಿ ಎಂದಿತು: ನಿಮ್ಮ ವಾಸ್ತವ್ಯ ಹೇಗಿತ್ತು, ನಕ್ಷತ್ರ ಕೊಡಿ. ಅವನು ಒಂದೊಂದೇ ಕೇಳುತ್ತ ಹೋದ, ಕಾಕಾ ಮುಂದಿನ ಸೀಟಿನಿಂದ ತೀರ್ಪು ಕೊಡುತ್ತ ಹೋದ.

“ಹಾಸಿಗಿ?”

“ಎರಡ ಕೊಡು. ಸೊಂಟ ಹಿಡದದ.”

“ಬಿಸಿನೀರು?”

“ಒಂದ. ಅದೂ ನಿಮ್ಮ ಮುತ್ಯಾಗ ಸಿಕ್ಕಿತ್ತಂತ.”

“ಸರ್ವಿಸ್?”

“ಆ ಮಗ ರಿಮೋಟಿಗಿ ರೊಕ್ಕ ಕೇಳಿದಾ. ಒಂದ.”

“ಪಾರ್ಕಿಂಗ್?”

“ಐದ ಕೊಡು. ತಂಪ ಗಾಳಿ, ಗದ್ದಲ ಇಲ್ಲ, ಭಾಳ ಛಲೋ ಅದ.”

“ನೀವು ನೋಡೀರೇನ್ ಕಾಕಾ?”

“ನಾ ಯಾಕ ನೋಡ್ಲಿ? ಡ್ರೈವರ್ ಏನೂ ತಕರಾರ್ ಮಾಡಿಲ್ಲಲ್ಲಾ.”